ಬೇರಿನ ಪುಡಿ ನನ್ನ ಹತ್ತಿರ ಇದೆ

ಲೇ ಇವಳೇ,

ಮುಟ್ಟು ನಿಲ್ಲೋ ಕಾಲದ ಸೆಕೆಗೆ ಅಂತ ನೀನು ತಗೊಳ್ಳೋ ಬೇರಿನ ಪುಡಿ ಡಬ್ಬಿ ಹುಡುಕಬೇಡ, ಅಂಗಡಿಗೆ ತಂದಿದ್ದೀನಿ. ಒಳ್ಳೇದೋ ಕೆಟ್ಟದ್ದೋ ನೋಡೋಣ ಅಂತ ನಾಲ್ಕು ದಿನ ನಾನೇ ಒಂದೊಂದು ಚಮಚ ತಿಂದೆ. ಏನೂ ಆಗಲಿಲ್ಲ. ಆಮೇಲೆ ಹೊಳೀತು, ನಿನ್ನ ಹಾಗೆ ನಾನು ರಕ್ತ ತೆಳುವಾಗೋ ಮಾತ್ರೆ ನುಂಗ್ತಿಲ್ಲವಲ್ಲ! ಗಡಿಯಾರ ರಿಪೇರಿಯ ಭೂತಗನ್ನಡಿ ಹಿಡಿದು ಡಬ್ಬಿಯ ತಳ ಓದಿದೆ. ಆ ಮಾತ್ರೆ ಜೊತೆ ಇದು ಬೇಡ ಅಂತ ಇರುವೆ ಕಾಲಿನಷ್ಟು ಸಣ್ಣಗೆ ಬರೆದಿದ್ದಾರೆ.

ನಿನ್ನ ತೋಳಿನ ನೀಲಿ ಕಲೆ ನಿಜವಾಗಲೂ ಬಾಗಿಲು ತಗುಲಿದ್ದಾ, ಇಲ್ಲಾ ಈ ಪುಡಿ ಕೆಲಸಾನಾ? ಡಾಕ್ಟರಮ್ಮನನ್ನೇ ಕೇಳೋಣ, ಹನ್ನೊಂದಕ್ಕೆ ರೆಡಿಯಾಗಿರು. ಮಾತ್ರೆ ಮಾತ್ರ ಬಿಡಬೇಡ.

ಅಷ್ಟರಲ್ಲಿ ಸೆಕೆ ಏರಿದರೆ ಫೋನ್ ಮಾಡಿ ನನಗೆ ಬೈ. ನಿನ್ನ ಬೈಗುಳನ ಇಪ್ಪತ್ತಾರು ವರ್ಷದಿಂದ ತಿಂತಿದ್ದೀನಿ, ಇನ್ನೂ ಗಟ್ಟಿಮುಟ್ಟಾಗಿದ್ದೀನಿ.