ಎಕ್ಕ, ರಾಜ ಮತ್ತು ನಿನ್ನ ಹಟ

ಅಣ್ಣಾ,

ಇವತ್ತು ನಿನ್ನ ಶಿಷ್ಯನಿಗೆ ಮಣ್ಣು ಮುಕ್ಕಿಸಿದೆ. ನೀನು ತೀರಿಕೊಂಡ ಮೇಲೆ ಖಾಲಿಯಿದ್ದ ಕುರ್ಚಿಯಲ್ಲೇ ಕೂತು. ಅದೇ ದರ್ಜಿ, ನನ್ನನ್ನು ಚಹಾ ತರಲು ಓಡಿಸಿ ನೀನು ಪೋಕರ್ ಕಲಿಸಿದೆಯಲ್ಲ, ಅವನಿಗೆ. ತಟ್ಟೆ ಹಿಡಿದು ನಿನ್ನ ಬೆನ್ನ ಹಿಂದೆ ನಿಂತೇ ನಾನೂ ಕಲಿತೆ. ನೀನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಅವನ ಕೈಗೆ ಎಕ್ಕ, ರಾಜ ಬಂದಿದ್ದವು. ಇಬ್ಬರಿಗೂ ಸೇರಿದ್ದೆಂದು ಮೇಜಿನ ಮೇಲೆ ಬಿಚ್ಚಿದವೆಲ್ಲ ಸಣ್ಣ ಎಲೆಗಳು. ಅವನಿಗೆ ಒಂದೂ ಜೋಡಿಯಾಗಲಿಲ್ಲ. ಆದರೂ ನಿನ್ನ ಹಾಗೇ ಎದೆಯುಬ್ಬಿಸಿ ಪ್ರತಿ ಸುತ್ತಿಗೂ ಪಣ ಹಾಕಿದ. ಪಣ ಇಷ್ಟೇ ಎಂದು ಮೊದಲೇ ಗೊತ್ತುಮಾಡಿದ ಆಟದಲ್ಲಿ ಹೆದರಿ ಓಡುವವರು ಯಾರು? ನಾನು ಆರರ ಜೋಡಿ ಹಿಡಿದು, ಅವನು ಹಾಕಿದಷ್ಟೇ ಹಾಕುತ್ತ ಹೋದೆ. ಕೊನೆಗೆ ಎಲೆ ತೋರಿಸಿದಾಗ ನನ್ನ ಆ ಸಣ್ಣ ಜೋಡಿಯೇ ಗೆದ್ದಿತು.

"ಎಕ್ಕ ರಾಜ ಬಂದ್ರೆ ಕೊನೇವರೆಗೂ ಬಿಡಬಾರ್ದು ಅಂತ ನಿಮ್ಮಣ್ಣ ಹೇಳಿದ್ರು ಅಕ್ಕ," ಎಂದ, ಪೆಚ್ಚಾಗಿ.

"ಅವನು ಸೋಲ್ತಿದ್ದಿದ್ದೂ ಹಾಗೇನೇ. ಏನೂ ಕೂಡ್ಲಿಲ್ಲ ಅಂದ್ರೆ ಎಸೀಬೇಕು," ಎಂದೆ. ನಿನ್ನ ಮುಖಕ್ಕೇ ಹೇಳಬೇಕೆಂದು ಇಷ್ಟು ವರ್ಷ ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದ ಮಾತು.

ಅವನು ಎದ್ದು, "ಚಹಾ ತರ್ಲಾ?" ಎಂದ. ಹೊಟ್ಟೆ ತಣ್ಣಗಾಯಿತು.

"ಎರಡು ತಾ," ಎಂದೆ. "ಅಣ್ಣಂಗೆ ಸಕ್ಕರೆ ಬೇಡ."