ಮೇ ತಿಂಗಳ ಆಪರೇಶನ್

೬ ಫೆಬ್ರುವರಿ ೧೯೮೪, ತೆಂಗಿನಗುಂಡಿ

ಉಪ್ಪಿಲ್ಲದ ಗಂಜಿ. ಇವರು ಅರ್ಧ ಬಟ್ಟಲು ಕುಡಿದರು. ಕಾಲಿನ ಬಾವು ಇಳಿದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಯೇ ನಿದ್ದೆ. ನಾಳೆ ಮೊದಲ ಬಸ್ಸಿಗೆ ಮಣಿಪಾಲ. ಆಪರೇಶನ್ ಆದರೆ ಮಳೆಗಾಲ ಮುಗಿಯುತ್ತಲೂ ಮತ್ತೆ ಮೀನಿಗೆ ಬೋಟ್ ಹತ್ತುತ್ತೇನೆ ಅನ್ನುತ್ತಾರೆ.

೭ ಫೆಬ್ರುವರಿ

ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಹಾರ್ಟ್ ದೊಡ್ಡದಾಗಿ ಸೋತಿದೆ ಅಂತ ಹೊನ್ನಾವರದಲ್ಲೇ ಹೇಳಿದ್ದರು. ಈಗ ವಾಲ್ವಿಗೂ ಸುಣ್ಣ ಕಟ್ಟಿದೆಯಂತೆ— ಗಟ್ಟಿಯಾಗಿದೆ, ಪೂರ್ತಿ ತೆರೆಯುವುದಿಲ್ಲ. ಬದಲಾಯಿಸಲು ಆಪರೇಶನ್ ಬೇಕು. ಈ ಹಾರ್ಟ್ ಅದನ್ನು ತಾಳುವುದಿಲ್ಲ.

"ನೋಡಿ ಸುಮತಿ, ಮಾತ್ರೆ ಬಿಟ್ಟರೆ ಬೇರೆ ದಾರಿಯಿಲ್ಲ."

ಇವರು ಹೊರಗೆ ಬೆಂಚಿನ ಮೇಲೆ ಕಾದಿದ್ದರು. ಆಪರೇಶನ್ ಯಾವಾಗ ಎಂದು ಕೇಳಿದರು. ಮೇ ತಿಂಗಳಲ್ಲಿ ಎಂದೆ. ಬಾಯಿಗೆ ಬಂದ ಸುಳ್ಳು...

೨೫ ಫೆಬ್ರುವರಿ

ಮೇ ತಿಂಗಳಲ್ಲಿ ಆಪರೇಶನ್ ಅಂತ ಇವರು ಊರಿಗೆಲ್ಲ ಹೇಳಿಯಾಗಿದೆ. ಅತ್ತೆ ಹರಕೆ ಹೊತ್ತಿದ್ದಾರೆ. ಪಕ್ಕದ ಮನೆಯಿಂದ ಒಣಮೀನು ಸುಟ್ಟ ವಾಸನೆ. ಇವರು ಬೇಕೆಂದು ಕೇಳಲಿಲ್ಲ. ಈ ಪಥ್ಯ ಆಪರೇಶನ್ ತನಕ ತಾನೇ ಎಂದು ನಕ್ಕರು. ಕೊಡ ಹಿಡಿದು ಬಾವಿಗೆ ಹೋದೆ. ತುಂಬಿಸಲಿಲ್ಲ, ನಿಂತೇ ಇದ್ದೆ.

೧೮ ಏಪ್ರಿಲ್

ಇವರು ಅಂಗಳದಲ್ಲಿ ಎಚ್ಚರ ತಪ್ಪಿ ಬಿದ್ದರು. ಭಟ್ಕಳದ ಡಾಕ್ಟರು ಬಂದು ಹೋದರು. ಕಣ್ಣು ಬಿಟ್ಟವರು, ಮೇ ತನಕ ಕಾಯುವುದು ಬೇಡ, ನಾಳೆಯೇ ಮಣಿಪಾಲಕ್ಕೆ ಹೋಗೋಣ ಎಂದರು. ಇನ್ನು ಮುಚ್ಚಿಡಲಾಗಲಿಲ್ಲ.

"ಆಪರೇಶನ್ ಮಾಡೂದಿಲ್ಲ ಅಂದಿದ್ರು."

"ಯಾವಾಗ?"

"ಅವತ್ತೇ, ಮಣಿಪಾಲದಲ್ಲಿ."

ನನ್ನ ಕೈ ಸರಿಸಿ ಎದ್ದು ಕೂತರು.

"ಊರೆಲ್ಲ ಹೇಳ್ಕಂಡ್ ಬಂದೆ ನಾನು. ನನ್ನ ಮಳ್ಳ ಮಾಡ್ದೆ ನೀನು."

೨೪ ಏಪ್ರಿಲ್

ನನ್ನೊಡನೆ ಮಾತಿಲ್ಲ. ನೀರು ಬೇಕಾದರೂ ಅತ್ತೆಯನ್ನೇ ಕರೆಯುತ್ತಾರೆ. ಜೊತೆಗೆ ಬೋಟಿಗೆ ಹೋಗುತ್ತಿದ್ದ ನಾಗನನ್ನು ಕರೆಸಿ, ಬೋಟ್ ಇನ್ನು ನೀನೇ ನಡೆಸು ಎಂದರು. ನಾಗ "ಮಾಬ್ಲಣ್ಣ" ಎಂದು ಅತ್ತ. ಇವರು ಅಳಲಿಲ್ಲ. ನಾನು ಕೊಡುವ ಮಾತ್ರೆಗೆ ಕೈ ಚಾಚುತ್ತಾರೆ— ಮುಖ ಗೋಡೆ ಕಡೆ.

೩ ಮೇ

ಇವರ ಬಲಗೈ, ಬಲಗಾಲು ಬಿದ್ದುಹೋಗಿವೆ. ಬಾಯಿ ಸೊಟ್ಟ. ಮಾತು ಹೋಯಿತು. ವಾಲ್ವಿನಿಂದ ಸುಣ್ಣದ ಚೂರೋ ರಕ್ತದ ಹೆಪ್ಪೋ ಕಿತ್ತು ತಲೆಗೆ ಹೋಗಿರಬೇಕು ಎಂದರು ಡಾಕ್ಟರು. ಮಣಿಪಾಲದ ತನಕ ಜೀವ ತಡೆಯಲಿಕ್ಕಿಲ್ಲ ಅಂತಲೂ.

ಒಂದು ದಿನ ಬೈದಾದರೂ ಮಾತಾಡುತ್ತಾರೆ ಅಂತಿದ್ದೆ.

೬ ಮೇ, ಬೆಳಿಗ್ಗೆ

ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಬಿಡಲಿಲ್ಲ. ತುಟಿ ಅಲುಗಿತು. "ಸು..." ಮುಂದೆ ಬರಲಿಲ್ಲ. ಹಣೆಯೆಲ್ಲ ಬೆವರು. ಮತ್ತೆ "ಸು..."

ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದವರಲ್ಲ. ಇಲ್ಲೇ ಇದ್ದೇನೆ ಎಂದೆ. ನನ್ನ ಕಡೆಗೇ ನೋಡುತ್ತ ನಿದ್ದೆ ಹೋದರು.

ಎಚ್ಚರವಾಯಿತು. ಕರೆಯುತ್ತಿದ್ದಾರೆ. ಈ ಸಲ ಪೂರ್ತಿ ಹೆಸರು—