ಬೀಗರ ರಿಪೇರಿ

ಹಾಸ್ಟೆಲ್, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಆಗಸ್ಟ್ ಹನ್ನೆರಡು

ಪ್ರೀತಿಯ ಅಪ್ಪಾ,

ಕತ್ತು ನೋವು ಹೇಗಿದೆ? ಸ್ಟೂಲ್ ಸ್ವಲ್ಪ ಎತ್ತರಿಸಿಕೋ ಅಂದಿದ್ದೆ, ಎತ್ತರಿಸಿರಲ್ಲ, ಗೊತ್ತು. ಅಮ್ಮನ ಕೆಮ್ಮು ಕಡಿಮೆಯಾಯ್ತಾ? ನಾನು ಚೆನ್ನಾಗಿದ್ದೀನಿ, ಊಟ ಮಾಡ್ತೀನಿ. ರೂಮ್‌ಮೇಟ್ ಒಳ್ಳೆಯವಳೇ. ಆದರೆ ಅವಳಿಗೆ ಕನ್ನಡ ಬರಲ್ಲ, ನನಗೆ ಅವಳ ಭಾಷೆ ಬರಲ್ಲ. ಲೈಟ್ ಆಫ್ ಮಾಡಲಾ ಅಂತ ಇಂಗ್ಲಿಷಲ್ಲಿ ಕೇಳಿಕೊಂಡು ಮಲಗ್ತೀವಿ, ಅಷ್ಟೇ ಮಾತು.

ನಿನ್ನ ವಾಯ್ಸ್ ಮೆಸೇಜ್ ಮತ್ತೆ ಮತ್ತೆ ಕೇಳಿದೆ. ವಿಷಯಕ್ಕಿಂತ ಜಾಸ್ತಿ, ಹಿಂದೆ ಕೀಗೆ ಅರ ಉಜ್ಜೋ ಸದ್ದಿಗೆ. ಎದುರುಗಡೆ ಗಾಜಿನ ಬಾಗಿಲಿನ ಹೊಸ ಬೀಗದಂಗಡಿ ಬಂದಿದೆ, ಅವರ ಮಷೀನ್ ಕಣ್ಣು ಮಿಟುಕಿಸೋದ್ರಲ್ಲಿ ಕೀ ಕತ್ತರಿಸುತ್ತೆ, ನಾವೂ ತಿಂಗಳ ಕೊನೆಗೆ ಹಳೇ ಬೋರ್ಡ್ ಇಳಿಸಿ ಇಂಗ್ಲಿಷಲ್ಲಿ ಲೈಟಿನ ಬೋರ್ಡ್ ಹಾಕಿಸೋಣ, ಬಿಸಿನೆಸ್ ಓದೋಳು ನೀನೇ ಹೇಳು ಅಂದೆಯಲ್ಲ. ಅದಕ್ಕೇ ಈ ಕಾಗದ. ಫೋನಲ್ಲಿ ಇಷ್ಟೆಲ್ಲ ಹೇಳೋಕಾಗಲ್ಲ.

ಇಳಿಸಬೇಡ ಅಪ್ಪಾ. ಸ್ಕೂಲ್ ಹಾಸ್ಟೆಲಿಂದ ರಜಕ್ಕೆ ಬಂದಾಗ ಓದಿರೋ ಮಗಳೇ ಬರೀಲಿ ಅಂತ ನನ್ನ ಕೈಗೆ ಬ್ರಷ್ ಕೊಟ್ಟೆಯಲ್ಲ. 'ಬೀಗದ ರಿಪೇರಿ' ಅಂದರೆ ಒಂದೇ ಬೀಗ ಆಯ್ತು, ನಮ್ಮಲ್ಲಿ ರಾಶಿ ಇದೆ ಅಂತ ದೊಡ್ಡ ಬುದ್ಧಿ ಓಡಿಸಿ 'ಬೀಗರ ರಿಪೇರಿ' ಅಂತ ಬರೆದೆ. ಬೀದಿಯೆಲ್ಲ ನಕ್ಕಿತು. ಅಮ್ಮನ ಅಪ್ಪ ಬಂದು ಬೋರ್ಡ್ ಕೆಳಗೆ ನಿಂತು, "ಬೀಗರು ಬಂದಿದ್ದೀವಿ, ಎಲ್ಲಿ ಕೆಟ್ಟಿದೆ ನೋಡಿ" ಅಂದರೆ, ನಿನ್ನಮ್ಮ ಒಳಗಿಂದಲೇ, "ಈ ಮಾಡೆಲ್‌ಗೆ ಬಿಡಿಭಾಗ ಸಿಗಲ್ಲ" ಅಂದುಬಿಟ್ಟರು. ನಾನು ಅಳ್ತಾ ಅಳಿಸೋಕೆ ಹೋದೆ. ಬಣ್ಣ ಒಣಗಿದೆ ಬಿಡು ಅಂದೆ ನೀನು. ಒಣಗಿರಲಿಲ್ಲ.

ಮೊನ್ನೆ ಕ್ಲಾಸಲ್ಲಿ ಮೇಡಂ, ಒಂದೇ ಬೀದಿಯಲ್ಲಿ ಒಂದೇ ಥರದ ಅಂಗಡಿಗಳಿದ್ದರೆ ನಿಮ್ಮದು ಎದ್ದು ಕಾಣೋದು ಹೇಗೆ, ಉದಾಹರಣೆ ಕೊಡಿ ಅಂದರು. ನಾನು ಎದ್ದು ನಮ್ಮ ಬೋರ್ಡಿನ ಕಥೆ ಹೇಳಿದೆ. ಇಂಗ್ಲಿಷಲ್ಲಿ ಬೀಗಕ್ಕೂ ಬೀಗರಿಗೂ ಸಂಬಂಧವೇ ಇಲ್ಲ ಅಪ್ಪಾ. ಯಾರೂ ನಗಲಿಲ್ಲ. ಮೇಡಂ ಪಾಪ, ಓಕೆ, ಇಂಟರೆಸ್ಟಿಂಗ್ ಅಂದು ಮುಂದಿನ ಬೆಂಚಿಗೆ ಹೋದರು.

ಆದರೆ ಕೂತ ಮೇಲೆ ಹೊಳೀತು. ನಿನ್ನ ಹತ್ರ ಬರೋರು ಕೀ ಕಳಕೊಂಡು, ಮನೆಯವರ ಹತ್ರ ಬೈಸಿಕೊಂಡು, ಸ್ವಂತ ಬಾಗಿಲ ಹೊರಗೆ ನಿಂತೋರು. ಮುಖ ಊದಿಸಿಕೊಂಡು ಬರ್ತಾರೆ, ತಲೆ ಎತ್ತಿ ಬೋರ್ಡ್ ಓದ್ತಾರೆ, ನಮ್ಮ ಬೀಗರನ್ನೂ ಕರಕೊಂಡು ಬರಲಾ ಅಂತ ನಗ್ತಾರೆ. ಆಮೇಲೆ ನೀನು ಕೈಲಿರೋ ಕೆಲಸ ಬಿಟ್ಟು ಅವರ ಜೊತೆ ನಡೆದು ಹೋಗ್ತೀಯ. ಬಾಗಿಲು ತೆಗೆದರೂ ಒಳಗೆ ಕಾಲಿಡಲ್ಲ. "ನಿಮ್ಮನೆ, ನೀವು ಹೋಗಿ" ಅಂತೀಯ. ಗಾಜಿನ ಅಂಗಡಿಯವರು ಕೀ ಕೊಡ್ತಾರೆ, ಜೊತೆಗೆ ಬರ್ತಾರಾ? ಇದನ್ನ ಯಾವ ಲೈಟಲ್ಲಿ ಬರೆಸ್ತೀಯ?

ಅಜ್ಜಿಯ ಕಾಲಿಗೆ ನನ್ನ ಪರವಾಗಿ ನೀನೇ ಬೀಳು. ಕತ್ತು ಜೋಪಾನ.

ನಿನ್ನ ಬೋರ್ಡ್ ಪೇಂಟರ್

ಮರೆತಿದ್ದೆ: ಪೆಟ್ಟಿಗೆ ಕೀ ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿಬಿಟ್ಟಿದ್ದೀನಿ. ಬಟ್ಟೆಯೆಲ್ಲ ಅದರಲ್ಲೇ, ಈ ಮಳೆ ಚಳಿಗೆ ರೂಮ್‌ಮೇಟ್ ಸ್ವೆಟರಲ್ಲಿ ಓಡಾಡ್ತಿದ್ದೀನಿ. ವಾರ್ಡನ್, ಗೇಟ್ ಪಕ್ಕದಲ್ಲೇ ಬೀಗದವನಿದ್ದಾನೆ, ಕರೀಲಾ ಅಂದರು. ಬೇಡ, ನಮ್ಮಪ್ಪ ಬರ್ತಾರೆ ಅಂತ ಹೇಳಿಬಿಟ್ಟಿದ್ದೀನಿ.